ಬೀಗರು ಬರುವ ದಿನ ಗುಡಿಸಬೇಡ

ಕಡಲೇರಿದ ಶಕೆ ನೂರ ತೊಂಬತ್ತೊಂದು, ಮೂರನೆಯ ಭಾದ್ರಪದ, ಬಹುಳ ದ್ವಾದಶಿ.
ಅಘನಾಶಿನಿ ಹೊಳೆಯ ಬಾಯಿ, ನಡುಗಜನಿ.

ಮಾದೇವಜ್ಜಿಗೆ ಬೀರಮ್ಮ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ನಿನ್ನ ಕಾಲದಲ್ಲಿ ಭಾದ್ರಪದ ಒಂದೇ ಇತ್ತು, ಅಪರೂಪಕ್ಕೆ ಅಧಿಕ ಮಾಸ ಬಿದ್ದರೆ ಎರಡಾಗುತ್ತಿತ್ತು ಎಂದು ನನಗೂ ಗೊತ್ತು. ಈಗ ಮಳೆಗಾಲ ಹಿಡಿದರೆ ಬಿಡುವುದೇ ಇಲ್ಲ. ಪಂಚಾಂಗದವರು ಅದರ ಜೊತೆ ಜಗಳ ಆಡಿ ಆಡಿ ಸೋತು, ಶ್ರಾವಣ ಭಾದ್ರಪದಗಳನ್ನು ಮೂರು ಮೂರು ಸಲ ಎಣಿಸಿ, ಮಾಘದಿಂದ ವೈಶಾಖದವರೆಗಿನ ನಾಲ್ಕು ತಿಂಗಳನ್ನು ಸದ್ದಿಲ್ಲದೆ ಕೈಬಿಟ್ಟರು. ವರ್ಷಕ್ಕೆ ಮೂರು ಚೌತಿ ಬರುತ್ತದೆಂದು ಮಕ್ಕಳಿಗೆ ಖುಷಿ. ಚಕ್ಕುಲಿ ಒತ್ತುವ ನಮಗೆ ತೋಳು ನೋವು.

ನಿನ್ನನ್ನು ಹೇಗೆ ಕರೆಯಲಿ ಎಂಬುದೇ ನನಗೆ ಮೊದಲ ಕಷ್ಟವಾಯಿತು. ನನ್ನ ಅಜ್ಜಿಯ ಅಜ್ಜಿಗೂ ನೀನು ಅಜ್ಜಿ. ಆದರೆ ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಿನಗೆ ಇನ್ನೂ ಮೂವತ್ತು ತುಂಬಿರುವುದಿಲ್ಲ, ಇಲ್ಲಿ ನನ್ನ ಮಂಡಿ ಮೆಟ್ಟಿಲು ಹತ್ತುವಾಗ ಕಿರುಗುಟ್ಟುತ್ತದೆ. ವಯಸ್ಸಿನ ಲೆಕ್ಕದಲ್ಲಿ ನೀನು ನನಗೆ ಮಗಳಾಗಬೇಕು. ಆದರೂ ಹಿರಿಯರು ಹಿರಿಯರೇ. ಅಜ್ಜಿ ಎಂದೇ ಕರೆಯುತ್ತೇನೆ, ಮಗಳಿಗೆ ಹೇಳಿದಂತೆ ಗದರುತ್ತೇನೆ, ಎರಡನ್ನೂ ಸಹಿಸಿಕೊ. ನನ್ನ ಮಾತುಗಳಲ್ಲಿ ಕೆಲವು ನಿನಗೆ ವಿಚಿತ್ರವಾಗಿ ಕೇಳಿಸಬಹುದು. ಅರ್ಥ ಹೇಳುತ್ತಾ ಹೋಗುತ್ತೇನೆ.

ನೀನು ನೆಟ್ಟು ಕೊಯ್ಯುವ ಆ ಗಜನಿ ಗದ್ದೆ, ಹೊಳೆಯ ಸಿಹಿನೀರೂ ಕಡಲ ಉಪ್ಪುನೀರೂ ಸೇರುವ ಆ ಕೆಸರು, ಈಗಲೂ ಇದೆ. ಅದರ ಸುತ್ತ ಕಟ್ಟಿದ ಮಣ್ಣಿನ ಏರಿಯೂ ಇದೆ, ನಿನ್ನ ಕಾಲಕ್ಕಿಂತ ಎರಡಾಳು ಎತ್ತರವಾಗಿದೆ ಅಷ್ಟೇ. ನಮ್ಮ ಮನೆಗಳು ಆ ಏರಿಯ ಮೇಲೆ, ಕಂಬದ ಕಾಲುಗಳ ಮೇಲೆ ನಿಂತಿವೆ. ಬೆಳಿಗ್ಗೆ ಎದ್ದರೆ ಮನೆಯ ಕೆಳಗೆ ನೀರು ಪಿಸುಗುಡುವುದು ಕೇಳುತ್ತದೆ. ಮಕ್ಕಳು ಜಗಲಿಯಿಂದಲೇ ಗಾಳ ಹಾಕುತ್ತಾರೆ. ಮೆಟ್ಟಿಲ ಮೇಲೆ ಬೆಳಕುಪಾಚಿ ಬೆಳೆಯುತ್ತದೆ. ಅದು ಕತ್ತಲಾದೊಡನೆ ತಾನೇ ಬೆಳಗುವ ಹಸಿರು, ಎಣ್ಣೆ ಬೇಡ, ತಂತಿ ಬೇಡ, ಮಳೆ ಬಂದರೆ ಇನ್ನಷ್ಟು ಬೆಳಗುತ್ತದೆ. ದೂರದ ದೋಣಿಯಿಂದ ನೋಡಿದರೆ ನಮ್ಮ ಊರು ನೀರಿನ ಮೇಲೆ ಬಿದ್ದ ನಕ್ಷತ್ರಗಳ ಹಾಗೆ ಕಾಣುತ್ತದಂತೆ. ಆಮೆಯ ಮರಿಗಳು ಮೊಟ್ಟೆಯೊಡೆದು ಕಡಲಿಗೆ ಹೊರಡುವ ವಾರಗಳಲ್ಲಿ ಮಾತ್ರ ಆ ಪಾಚಿ ಕಣ್ಣು ಮುಚ್ಚಿಕೊಳ್ಳುತ್ತದೆ. ದೀಪ ಕಂಡರೆ ಮರಿಗಳು ಕಡಲನ್ನು ಬಿಟ್ಟು ಊರಿನ ಕಡೆ ತೆವಳುತ್ತವೆ, ಪಾಪ. ಆ ವಾರಗಳಲ್ಲಿ ನಾವೂ ತಡಕಾಡುತ್ತಲೇ ಮೆಟ್ಟಿಲು ಇಳಿಯುತ್ತೇವೆ. ಬೈಯುತ್ತೇವೆ, ಆದರೆ ಯಾರೂ ದೀಪ ಹಚ್ಚುವುದಿಲ್ಲ.

ಆ ಪಾಚಿಯಂಥವನ್ನು ನಿಮ್ಮ ಕಾಲದಲ್ಲಿ ಕುಲಾಂತರಿ ಎನ್ನುತ್ತಿದ್ದಿರಂತೆ. ಕೇಳಿದರೆ ಕುಲದಿಂದ ಹೊರಗೆ ಹಾಕಿದ ಹಾಗಿದೆ. ನಾವು ದತ್ತು ಎನ್ನುತ್ತೇವೆ. ಒಂದು ಜೀವದ ಗುಣವನ್ನು ಇನ್ನೊಂದು ಜೀವ ತನ್ನ ಮನೆಗೆ ತಂದುಕೊಂಡು ಸಾಕುತ್ತದಲ್ಲ, ಅದಕ್ಕೆ. ದತ್ತು ಮಕ್ಕಳು ಕೆಟ್ಟವರು ಎಂದು ನಾನು ಹೇಳಿದೆ ಅಂತ ಯಾರೂ ಊರಲ್ಲಿ ಸುದ್ದಿ ಹಬ್ಬಿಸಬಾರದು. ಬೆಳಕುಪಾಚಿ ನಮ್ಮ ಮನೆಮಗಳು. ಹೊಳೆಯ ಕೊಳೆ ತಿಂದು ನೀರು ತಿಳಿಯಾಗಿಸುವ ದತ್ತುಬಳಚಿನ ಚಿಪ್ಪುಗಳು ಇಲ್ಲದಿದ್ದರೆ ನಾವು ಎಂದೋ ಕಾಯಿಲೆಬಿದ್ದು ಸಾಯುತ್ತಿದ್ದೆವು. ಆದರೆ ದತ್ತನ್ನು ಒಂದು ಊರಿಗೆ ಕೊಡುವ ಮುಂಚೆ ಮನೆ ನೋಡಬೇಕು. ಹೆಣ್ಣು ಕೊಡುವ ಮುಂಚೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುತ್ತಾರಲ್ಲ, ಹಾಗೆ. ಅಲ್ಲಿ ಯಾರಿದ್ದಾರೆ, ನೆಂಟರು ಎಂಥವರು, ಅಕ್ಕಪಕ್ಕದಲ್ಲಿ ಏನು ಬೆಳೆಯುತ್ತದೆ, ಇವಳು ಹೋದರೆ ಯಾರ ಬದುಕು ಕೆಡುತ್ತದೆ, ಯಾರಿಂದ ಇವಳ ಬದುಕು ಕೆಡುತ್ತದೆ. ಇದನ್ನು ಒಂದು ದೇಶದವರು ಒಬ್ಬರೇ ನೋಡಿದರೆ ಸಾಲದು. ಗಾಳಿಗೆ ಗಡಿಯಿಲ್ಲ, ಹೂವಿನ ಪುಡಿಗೆ ರಹದಾರಿ ಬೇಕಿಲ್ಲ. ಅದಕ್ಕೇ ಒಂದೇ ಬಗೆಯ ನೀರು, ಒಂದೇ ಬಗೆಯ ಗದ್ದೆ ಇರುವ ದೇಶಗಳೆಲ್ಲ ಒಬ್ಬರಿಗೊಬ್ಬರು ಬೀಗರು. ಪ್ರತಿ ಬೆಳೆಗೂ ಎಲ್ಲ ದೇಶಗಳು ಸೇರಿ ಕಟ್ಟಿದ ಒಂದು ಕುಲಕಥೆ ಇರುತ್ತದೆ. ಅದು ಎಲ್ಲಿ ಹುಟ್ಟಿತು, ಅದರ ಕಾಡು ನೆಂಟರು ಯಾರು, ಅದರ ಹೂವಿನ ಪುಡಿ ಎಷ್ಟು ದೂರ ಹಾರುತ್ತದೆ, ಅದರ ಕಾಳನ್ನು ಯಾವ ಹಕ್ಕಿ ತಿನ್ನುತ್ತದೆ, ಎಲ್ಲವೂ ಅದರಲ್ಲಿ. ಒಂದು ಊರಿನ ಗದ್ದೆಯಲ್ಲಿ ಕಂಡ ಸತ್ಯವನ್ನು ಉಳಿದ ಊರುಗಳು ನಂಬುತ್ತವೆ, ಮತ್ತೆ ಮತ್ತೆ ಅದೇ ಪರೀಕ್ಷೆ ಮಾಡುವುದಿಲ್ಲ. ಮನುಷ್ಯರು ಕಟ್ಟಿದ ವ್ಯವಸ್ಥೆಗಳಲ್ಲೆಲ್ಲ ನನಗೆ ತುಂಬ ಪ್ರೀತಿಯದು ಇದು. ಒಬ್ಬರ ಕಣ್ಣನ್ನು ಇನ್ನೊಬ್ಬರು ನಂಬುವುದು ಸಣ್ಣ ಮಾತೇ?

ಇಲ್ಲಿಗೆ ನಿನ್ನ ವಿಷಯ ಬಂತು, ಅಜ್ಜಿ. ಸೆರಗು ಸಿಕ್ಕಿಸಿಕೊಂಡು ಕೂತು ಕೇಳು.

ಬರುವ ಭಾದ್ರಪದದಲ್ಲಿ ನಿನ್ನ ಊರಿಗೆ ಎಂಟು ದೇಶದವರು ಬರುತ್ತಾರೆ. ಉಪ್ಪುನೀರಿನಲ್ಲಿ ದುಪ್ಪಟ್ಟು ಬೆಳೆಯುವ ಹೊಸ ದತ್ತುಭತ್ತವನ್ನು ಗಜನಿಯಲ್ಲಿ ನೆಡಬಹುದೇ ಎಂದು ನೋಡಲು. ನೀನು ಬೆಳೆಯುವ ಕಗ್ಗ, ಆ ಉದ್ದ ಮೀಸೆಯ ಕೆಂಪಕ್ಕಿ, ಹೇಗೂ ಉಪ್ಪಿಗೆ ಹೆದರುವುದಿಲ್ಲ. ಆದರೆ ಇಳುವರಿ ಕಡಿಮೆ. ಬರುವವರು ಮೋಸಗಾರರಲ್ಲ, ಓದಿದವರು, ಒಳ್ಳೆಯವರು, ಮಂಡಿಯವರೆಗೆ ಕೆಸರಿಗೆ ಇಳಿಯುವವರು. ಅವರು ಬರುತ್ತಾರೆ ಎಂದು ಗೊತ್ತಾದ ಕೂಡಲೇ ನೀನು ಏನು ಮಾಡುತ್ತೀ ಎಂದು ಹೇಳಲೇ? ಪೊರಕೆ ಹಿಡಿಯುತ್ತೀ. ಊರಿನ ಹೆಂಗಸರನ್ನೆಲ್ಲ ಕರೆಯುತ್ತೀ. ಪರದೇಶದಿಂದ ಬೀಗರ ಹಾಗೆ ಬರುತ್ತಿದ್ದಾರೆ, ನಮ್ಮ ಮರ್ಯಾದೆ ಏನಾಗಬೇಕು ಎನ್ನುತ್ತೀ. ಅಂಗಳ ಗುಡಿಸಿ, ಸಾರಿಸಿ, ರಂಗೋಲಿ ಹಾಕಿ, ಅಷ್ಟಕ್ಕೆ ನಿಲ್ಲಿಸದೆ ಏರಿಯ ಮೇಲಿನ ಹುಲ್ಲು ಕೀಳಿಸಿ, ಬಚ್ಚಲ ಮೋರಿಯ ಹಿಂದಿನ ಜೊಂಡು ಕೂಡ ಬೇರು ಸಮೇತ ಕೀಳಿಸುತ್ತೀ. ಅಲ್ಲಿ ಬೆಳೆದಿದ್ದ ಉದುರುಭತ್ತವೂ ಅದರ ಜೊತೆ ಹೋಗುತ್ತದೆ.

ಉದುರುಭತ್ತ ಅಂದರೆ ನಿನಗೆ ಗೊತ್ತು, ಮುಟ್ಟಿದರೆ ಕಾಳು ಉದುರಿಸಿಬಿಡುವ ಆ ಕಾಡುಭತ್ತ. ಯಾರಿಗೂ ಬೇಡದ್ದು, ದನವೂ ಮೂಸಿ ನೋಡಿ ಮುಂದೆ ಹೋಗುವಂಥದ್ದು. ಅದಕ್ಕೆ ಉಪ್ಪೆಂದರೆ ಹೆದರಿಕೆ, ಹಾಗಾಗಿ ಸಿಹಿನೀರು ಹರಿಯುವ ಬಚ್ಚಲ ಮೋರಿಯಲ್ಲಿ ಮಾತ್ರ ಬೆಳೆಯುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಹಿತ್ತಲ ಗಿಡ ಮಾರಿಯೂ ಅಲ್ಲ ಎಂದು ನೀವು ಅಂದುಕೊಂಡಿರಿ. ನಿನಗೆ ಇನ್ನು ಆಗಬೇಕಾದದ್ದು ನನಗೆ ಆಗಿಹೋದದ್ದು, ಕೇಳು. ಬಂದವರು ಕೇಳಬೇಕಾಗಿದ್ದ ಪ್ರಶ್ನೆಯೇ ಅದು, ಈ ಭತ್ತದ ಕಾಡು ನೆಂಟರು ಇಲ್ಲಿ ಇದ್ದಾರೆಯೇ ಎಂದು. ಅವರು ಕೇಳಿದರು, ಹುಡುಕಿದರು, ಕಾಣಲಿಲ್ಲ. ಇಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದರು. ನೀನು ಬಡಿಸಿದ ನೊಗ್ಲಿ ಮೀನಿನ ಸಾರು ಉಂಡು, ಕೈ ಮುಗಿದು ಹೋದರು. ಅವರ ಮಾತು ಭತ್ತದ ಕುಲಕಥೆಗೆ ಸೇರಿತು. ಒಬ್ಬರ ಕಣ್ಣನ್ನು ಎಲ್ಲರೂ ನಂಬಿದರು. ಎಂಟು ದೇಶದ ಗಜನಿಗಳಲ್ಲಿ ಆ ಭತ್ತ ನೆಟ್ಟರು.

ಕಿತ್ತ ಗಿಡದ ಕಾಳು ಮಣ್ಣಲ್ಲಿ ಮಲಗಿತ್ತಲ್ಲ. ಮುಂದಿನ ಮಳೆಗೆ ಎದ್ದಿತು. ಅದಕ್ಕೆ ದತ್ತಿನ ಹೂವಿನ ಪುಡಿ ಸೋಕಿತು, ಉಪ್ಪಿನ ಹೆದರಿಕೆ ಬಿಟ್ಟುಹೋಯಿತು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಮೋರಿಯಿಂದ ಏರಿಗೆ ಬಂತು, ಏರಿಯಿಂದ ಗಜನಿಗೆ ಇಳಿಯಿತು. ಹತ್ತು ಹನ್ನೆರಡು ವರ್ಷದಲ್ಲಿ ಗದ್ದೆ ತುಂಬ ಉದುರುಭತ್ತವೇ. ಕೊಯ್ಯಲು ಕತ್ತಿ ತಾಗಿಸಿದರೆ ಸಾಕು, ಕಾಳೆಲ್ಲ ನೀರಿಗೆ. ದತ್ತುಭತ್ತವೂ ಹೋಯಿತು, ಅದರ ಜೊತೆಗೆ ಕಗ್ಗವೂ ಹೋಯಿತು. ಆಮೇಲೆ ಕಡಲು ಇನ್ನೂ ಏರಿ, ಉಪ್ಪು ಇನ್ನೂ ಹೆಚ್ಚಿ ಉದುರುಭತ್ತವೂ ಸತ್ತಿತು. ನನ್ನ ಕಾಲಕ್ಕೆ ಗಜನಿಯಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ, ಬರೀ ಬೆಳ್ಳಗೆ ಹೊಳೆಯುವ ನೀರು. ನಾನು ಕಗ್ಗದ ಅನ್ನವನ್ನು ಕಂಡಿಲ್ಲ. ನಮಗೆ ಬರುವುದು ಘಟ್ಟದ ಮೇಲಿನ ಬಿಳಿ ಅಕ್ಕಿ. ಹಬ್ಬದ ದಿನ ಹಿರಿಯರು ಅದಕ್ಕೆ ಒಂದು ಚಿಟಿಕೆ ಕೆಮ್ಮಣ್ಣು ಹಾಕಿ ಗಂಜಿ ಕಾಯಿಸಿ ಹಿಂದಿನವರಿಗೆ ಎಡೆ ಇಡುತ್ತಾರೆ, ಕೆಂಪಗಿರಲಿ ಎಂದು. ನಾನು ಚಿಕ್ಕವಳಿದ್ದಾಗ ಅದನ್ನು ಕದ್ದು ನೆಕ್ಕಿದ್ದೆ. ಮಣ್ಣಿನ ರುಚಿ ಇತ್ತು.

ಅಷ್ಟು ಓದಿದವರು ಅದನ್ನು ಕಾಣದೆ ಹೋದದ್ದು ಹೇಗೆ ಎಂದು ಎಷ್ಟೋ ಕಾಲ ಯಾರಿಗೂ ತಿಳಿಯಲಿಲ್ಲ. ಒಬ್ಬರ ಮೇಲೊಬ್ಬರು ಸಂಶಯಪಟ್ಟರು. ಬಂದವರು ಲಂಚ ತಿಂದಿದ್ದರು ಎಂದರು, ಊರವರು ಸುಳ್ಳು ಹೇಳಿದ್ದರು ಎಂದರು. ಬೀಗತನವೇ ಮುರಿದುಬೀಳುವ ಹಾಗಾಗಿತ್ತು. ಕೊನೆಗೆ ನನ್ನ ಅಜ್ಜಿಯ ಕಾಲದಲ್ಲಿ, ಆಫ್ರಿಕಾದ ಪಡುವಣ ಕರಾವಳಿಯಿಂದ ಒಬ್ಬ ಹಾಡುಗಾರ್ತಿ ನಮ್ಮಲ್ಲಿಗೆ ಬಂದಳು. ಅವಳ ಹಿರಿಯರಲ್ಲಿ ಒಬ್ಬರು ಆ ಎಂಟು ಮಂದಿಯ ಜೊತೆ ಬಂದಿದ್ದರಂತೆ. ಅವರ ನಾಡಿನಲ್ಲಿ ನಮ್ಮ ಊರಿನ ಮೇಲೆ ಒಂದು ಹಾಡೇ ಇತ್ತು. ಅವಳು ನಮ್ಮ ಜಗಲಿಯಲ್ಲಿ ಕೂತು ಪ್ರೀತಿಯಿಂದ ಹಾಡಿ, ಅರ್ಥ ಹೇಳಿದಳು: ಎಂಥ ಊರು ಅದು, ಏರಿಯ ಮೇಲೆ ಒಂದು ಹುಲ್ಲೆಸಳಿಲ್ಲ, ಬಚ್ಚಲ ಹಿಂದೆ ಕೂಡ ಎಲೆ ಹಾಕಿ ಉಣ್ಣಬಹುದು, ಆ ಹೆಂಗಸರ ಕೈಗೆ ಮುತ್ತು ಕೊಡಬೇಕು. ಪೊರಕೆ ಹಿಡಿದ ನಿನ್ನ ಹೆಸರೂ ಅದರಲ್ಲಿತ್ತು. ಕೇಳುತ್ತಿದ್ದ ನನ್ನ ಅಜ್ಜಿ ತಲೆಯ ಮೇಲೆ ಕೈ ಹೊತ್ತು, "ಅಯ್ಯಯ್ಯೋ, ನಾವೇ ಗುಡ್ಸಿದ್ದು! ಯಾರೂ ಸುಳ್ಳು ಹೇಳ್ಲಿಲ್ಲ, ನಾವೇ ಗುಡ್ಸಿ ಇಟ್ಟಿದ್ದು!" ಎಂದು ಅತ್ತಳಂತೆ. ಹಾಡುಗಾರ್ತಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳೂ ಅತ್ತಳು, ಅವರ ಗದ್ದೆಗಳೂ ಅದೇ ಭತ್ತದಿಂದ ಹಾಳಾಗಿದ್ದವಲ್ಲ.

ಅಂದಿನಿಂದ ಬೀಗರ ದೇಶಗಳಲ್ಲೆಲ್ಲ ಒಂದು ಶಾಸ್ತ್ರ ಇದೆ, ಗುಡಿಸದ ಶಾಸ್ತ್ರ. ಮನೆ ನೋಡಲು ಬೀಗರು ಬರುತ್ತಾರೆ ಎಂದರೆ ಒಂದು ಮಳೆಗಾಲ ಮುಂಚಿನಿಂದ ಹಿತ್ತಲಿಗೆ ಕೈ ಹಾಕುವಂತಿಲ್ಲ. ಕಳೆ ಕೀಳುವಂತಿಲ್ಲ, ಮೋರಿ ಬಳಿಯುವಂತಿಲ್ಲ. ಬಂದವರು ಮೊದಲು ದೇವರ ಕೋಣೆಗಲ್ಲ, ಬಚ್ಚಲ ಹಿಂದಕ್ಕೆ ಹೋಗುತ್ತಾರೆ. ಎಷ್ಟು ಗಲೀಜಾಗಿದ್ದರೆ ಅಷ್ಟು ಗೌರವ. ನನ್ನ ಅತ್ತೆಗೆ ಇದನ್ನು ಸಹಿಸುವುದಕ್ಕೇ ಆಗುತ್ತಿರಲಿಲ್ಲ, ಬೀಗರು ಇರುವಷ್ಟು ದಿನ ಕಣ್ಣು ಮುಚ್ಚಿಕೊಂಡೇ ಓಡಾಡುತ್ತಿದ್ದರು.

ಈಗ ನನ್ನ ಕಥೆ. ಮೆಕಾಂಗ್ ನದಿ ಕಡಲು ಸೇರುವ ನಾಡಿನವರು ತೇಲುಭತ್ತ ಎಂಬ ದತ್ತನ್ನು ಬೆಳೆಸಿದರು. ನೀರು ಏರಿದಷ್ಟೂ ಅದರ ಕಾಂಡ ಏರುತ್ತದೆ, ಕಡಲ ಉಪ್ಪೇ ಅದಕ್ಕೆ ಗೊಬ್ಬರ, ಬೇರು ಕೆಸರನ್ನು ಜಡೆ ಹೆಣೆದ ಹಾಗೆ ಹಿಡಿಯುತ್ತದೆ. ನಮಗೆ ಅನ್ನಕ್ಕಿಂತ ಆ ಬೇರು ಬೇಕಿತ್ತು. ಗದ್ದೆಯಲ್ಲಿ ಬೇರಿಲ್ಲದೆ ನಮ್ಮ ಏರಿ ಒಳಗಿನಿಂದ ಕರಗುತ್ತಿದೆ. ಏರಿ ಹೋದರೆ ಊರು ಹೋಗುತ್ತದೆ. ಏರಿ ಕಾಯುವುದು ನನ್ನ ಗಂಡ ಹಮ್ಮಣ್ಣನ ಕೆಲಸ. ಅವನ ಅಪ್ಪ, ಅಜ್ಜ ಎಲ್ಲ ಅದನ್ನೇ ಮಾಡಿದವರು. ಹೆಗಲ ಮೇಲೆ ಮಣ್ಣು ಹೊತ್ತು ಹೊತ್ತು ಅವನ ಬೆನ್ನು ದೋಣಿಯ ಹಾಗೆ ಬಾಗಿದೆ. ಮಾತು ಕಮ್ಮಿ, ಏರಿಯ ಜೊತೆ ಮಾತ್ರ ಮಾತಾಡುತ್ತಾನೆ. ತೇಲುಭತ್ತ ಬಂದರೆ ಊರು ಉಳಿಯುತ್ತದೆ, ಬಾರದಿದ್ದರೆ ನಾವು ಗುಡ್ಡ ಹತ್ತಬೇಕು ಎಂದು ಊರವರೆಲ್ಲ ಕೂತು ತೀರ್ಮಾನಿಸಿದ್ದರು. ಬೀಗರು ಬರುವ ದಿನ ಗೊತ್ತಾಯಿತು. ಉದುರುಭತ್ತ ಸತ್ತು ಎಷ್ಟೋ ಕಾಲವಾಯಿತು, ಈ ಸಲ ಅಡ್ಡಿಯಿಲ್ಲ ಎಂದು ಎಲ್ಲರೂ ನಿರಾಳವಾಗಿದ್ದರು.

ಅವರು ಬರುವ ಮುಂಚಿನ ದಿನ ಬೆಳಿಗ್ಗೆ ನಾನು ಬಚ್ಚಲ ಹಿಂದೆ ಹೋದೆ. ಮೋರಿಯ ನೀರು ಬೀಳುವಲ್ಲಿ, ನಾವು ಮಿಂದ ನೀರು ಒಂದು ಮೊರದಷ್ಟು ಜಾಗವನ್ನು ಸಿಹಿಯಾಗಿ ಇಟ್ಟಿತ್ತಲ್ಲ, ಅಲ್ಲಿ ಒಂದು ಹಿಡಿ ಹುಲ್ಲು. ಕೆಂಪು ಮೀಸೆ. ಬೆರಳು ತಾಗಿಸಿದೆ, ಒಂದು ಒಣಕಾಳು ಉದುರಿತು. ಉದುರುಭತ್ತ. ಅದು ಯಾರೂ ಕಾಣದ ಹಾಗೆ, ನಮ್ಮ ಸೀಗೆಪುಡಿಯ ನೀರು ಕುಡಿದುಕೊಂಡು, ಇಷ್ಟು ತಲೆಮಾರು ನಮ್ಮ ಬೆನ್ನ ಹಿಂದೆಯೇ ಬದುಕಿತ್ತು.

ಹಮ್ಮಣ್ಣನನ್ನು ಕರೆದೆ. ಅವನು ನೋಡಿದ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. "ಒಂದ್ ಹಿಡಿ ಹುಲ್ಲು ಮಾರಾಯ್ತಿ. ನೀ ಕೀಳೂದು ಬ್ಯಾಡ, ನಾ ಕೀಳ್ತೆ. ನೀ ಒಳಗೆ ಹೋಗಿ ಚಾ ಕುದಸು," ಎಂದ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಗಾದೆಯನ್ನು ನಾನು ಎಷ್ಟು ಸಲ ನಗುತ್ತಾ ಹೇಳಿದ್ದೆನೋ. ಅಂದು ಅದು ನಗುವ ಮಾತಾಗಿರಲಿಲ್ಲ. ನನಗೂ ಆಸೆಯಾಯಿತು, ಅಜ್ಜಿ. ದೇವರಾಣೆ, ನನಗೂ ಆಸೆಯಾಯಿತು. ಆದರೆ ನೀನು ಗುಡಿಸಿದ್ದು ಗೊತ್ತಿಲ್ಲದೆ, ಬಂದವರಿಗೆ ಮರ್ಯಾದೆ ಮಾಡಲು. ನಾವು ಗುಡಿಸಿದರೆ ಗೊತ್ತಿದ್ದೂ, ಬಂದವರ ಕಣ್ಣಿಗೆ ಮಣ್ಣೆರಚಲು. ಆ ಕಣ್ಣನ್ನು ನಂಬಿ ಇನ್ನೆಷ್ಟು ಊರಿನವರು ನಾಟಿ ಮಾಡುತ್ತಾರೋ. "ಕಿತ್ತ ಕೈಗೆ ನಾ ಅನ್ನ ಬಡ್ಸೂದಿಲ್ಲ, ನೋಡ್ಕ," ಎಂದೆ. ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ. ಹಿಂದಿರುಗಿ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ಮರುದಿನ ಬೀಗರು ಬಂದರು. ಶಾಸ್ತ್ರದ ಪ್ರಕಾರ ಇಬ್ಬರು, ಒಬ್ಬರು ಹೆಣ್ಣಿನ ಕಡೆಯವರು, ಇನ್ನೊಬ್ಬರು ಅದೇ ಹೆಣ್ಣನ್ನು ತಮ್ಮ ಊರಿಗೂ ತರಬೇಕೆಂದಿರುವ ಬೇರೆ ದೇಶದವರು. ಮೆಕಾಂಗಿನ ಲಿಯೆನ್ ತೇಲುಭತ್ತವನ್ನು ಬೆಳೆಸಿದವರಲ್ಲಿ ಒಬ್ಬಳು. ಐಸಾತು ಆಫ್ರಿಕಾದವಳು, ಆ ಹಾಡುಗಾರ್ತಿಯ ಕರಾವಳಿಯವಳು. ಬೀಗರು ಬರುವ ಮುಂಚೆ ಊರಿನ ಭಾಷೆ ಕಲಿತಿರಬೇಕು ಎಂಬುದೂ ನಮ್ಮ ಒಪ್ಪಂದದಲ್ಲೇ ಇದೆ, ಹಾಗಾಗಿ ಇಬ್ಬರಿಗೂ ಕನ್ನಡ ಬರುತ್ತಿತ್ತು. ಅವರು ದೋಣಿಯಿಂದ ಇಳಿದ ಕೂಡಲೇ, ಜನ್ಮದಲ್ಲಿ ನಾಲ್ಕು ಮಾತು ಜೋಡಿಸಿ ಆಡದ ಹಮ್ಮಣ್ಣ ಮುಂದೆ ಹೋಗಿ ನಿಂತ. "ಬನ್ನಿ, ನಮ್ಮನಿ ನೆಂಟ್ರು ಒಬ್ರು ಬಚ್ಚಲ ಹಿಂದೆ ನಿಂತ್ಕಂಡಾರೆ. ಅವ್ರನ್ನ ಮಾತಾಡ್ಸಿ, ಆಮೇಲೆ ಚಾ ಕುಡೀರಿ," ಎಂದ. ಹುಲ್ಲು ಅಲ್ಲೇ ಇತ್ತು. ಸುತ್ತ ನಾಲ್ಕು ಕಡ್ಡಿ ನೆಟ್ಟು, ಕೋಳಿ ಕೆದಕದ ಹಾಗೆ ಬಲೆಯ ತುಂಡು ಕಟ್ಟಿದ್ದ. ನಾನು ಅವನನ್ನು ಮದುವೆಯಾದದ್ದು ಆ ದಿನ ಎಂದು ಈಗಲೂ ಅನ್ನಿಸುತ್ತದೆ.

ಐಸಾತು ಅದರ ಮುಂದೆ ಕೆಸರಲ್ಲೇ ಕೂತುಬಿಟ್ಟಳು. ತುಂಬ ಹೊತ್ತು ಮುಟ್ಟಲಿಲ್ಲ. ಅವರ ಹೊಳೆಯ ಮೂಲೆಗಳಲ್ಲಿಯೂ ಇಂಥದ್ದೇ ಕಾಡುನೆಂಟರು ಉಳಿದಿದ್ದಾರಂತೆ, ಅಲ್ಲಿಯ ಜನ ನಮ್ಮ ಊರಿನ ಮಾತಿಗಾಗಿ ಕಾಯುತ್ತಿದ್ದಾರಂತೆ. ನಮ್ಮಲ್ಲಿ ಸರಿ ಎಂದರೆ ಅಲ್ಲಿ ನಾಟಿ. ಇಬ್ಬರೂ ಎರಡು ಮಳೆಗಾಲ ನಮ್ಮ ಮನೆಯಲ್ಲೇ ಇದ್ದರು. ಏರಿಯ ಒಳಗೆ ಹೂವಿನ ಪುಡಿ ಹೊರಗೆ ನುಸುಳದ ಒಂದು ಜಾಲರಿಮನೆ ಕಟ್ಟಿ, ಒಂದು ಕಡೆ ತೇಲುಭತ್ತ, ಇನ್ನೊಂದು ಕಡೆ ಉದುರುಭತ್ತ ನೆಟ್ಟರು. ಆ ದಿನಗಳು ಎಷ್ಟು ಚೆನ್ನಾಗಿದ್ದವು ಎಂದರೆ ನನಗೆ ಈಗ ಕನಸೋ ನಿಜವೋ ತಿಳಿಯುವುದಿಲ್ಲ. ಮಳೆ ಸುರಿಯುತ್ತಿರುವಾಗ ಜಾಲರಿಯೊಳಗೆ ಎರಡೂ ಭತ್ತಗಳು ಒಟ್ಟಿಗೆ ಹೂ ಬಿಟ್ಟವು. ಬಂಗಾರದ ಹೊಗೆಯ ಹಾಗೆ ಪುಡಿ ತೇಲುತ್ತಿತ್ತು. ನಾವು ಮೂವರು ಹೆಂಗಸರು ಉಸಿರು ಹಿಡಿದು ನೋಡುತ್ತ ನಿಂತಿದ್ದೆವು, ಇಬ್ಬರು ಮಕ್ಕಳು ಮಾತಾಡಿಕೊಳ್ಳುವುದನ್ನು ಬಾಗಿಲ ಸಂದಿಯಿಂದ ನೋಡುವ ತಾಯಂದಿರ ಹಾಗೆ. ಲಿಯೆನ್‌ಳನ್ನು ಊರವರು ಲೀನಮ್ಮ ಮಾಡಿದ್ದರು. ಅವಳು ನನ್ನಿಂದ ಬಳಚಿನ ಸುಕ್ಕ ಹುರಿಯುವುದನ್ನು ಕಲಿತಳು, ನಾನು ಅವಳಿಂದ ಮೀನಿನ ಗಂಜಿ ಕಲಿತೆ. ಐಸಾತು ಏರಿ ಕಟ್ಟುವುದರಲ್ಲಿ ಹಮ್ಮಣ್ಣನಿಗೇ ತಪ್ಪು ತೋರಿಸಿದಳು, ಅವರಲ್ಲಿಯೂ ಕಡಲಿಗೆ ಏರಿ ಕಟ್ಟುತ್ತಾರಲ್ಲ. ಅವನು ಎರಡು ದಿನ ಮುನಿಸಿಕೊಂಡು, ಮೂರನೆಯ ದಿನ ಅವಳು ಹೇಳಿದ ಹಾಗೆ ಕಟ್ಟಿದ.

ಈ ಮಳೆಗಾಲದಲ್ಲಿ, ಆ ಎರಡರ ಕೂಡಿಕೆಯಿಂದ ಹುಟ್ಟಿದ ಕಾಳನ್ನು ಕಡಲ ನೀರಲ್ಲಿ ಬಿತ್ತಿದರು. ಮೊಳೆಯದಿರಲಿ ಎಂದು ಊರಿಡೀ ಹರಕೆ ಹೊತ್ತಿತು. ಮೊಳೆಯಿತು. ತಾಯಿಗಿಂತ ಎತ್ತರ, ತಂದೆಯ ಹಾಗೆ ಮುಟ್ಟಿದರೆ ಉದುರು. ಲಿಯೆನ್ ಎರಡು ದಿನ ಊಟ ಮಾಡಲಿಲ್ಲ. ತಾನೇ ಸಾಕಿದ ಮಗಳು ಅವಳಿಗೆ ಅದು. ಆಮೇಲೆ ಊರಿನ ಮುಂದೆ ಬಂದು, ನನ್ನ ಕೈ ಹಿಡಿದುಕೊಂಡು, "ಬೀರಮ್ಮಕ್ಕ, ನಮ್ಮ ಹುಡ್ಗಿ ಒಳ್ಳೇಳು. ಆದ್ರೆ ಈ ಮನಿಗೆ ಕೊಡೂಕೆ ಆಗೂದಿಲ್ಲ," ಎಂದಳು. ಆ ಮಾತು ಅಂದೇ ಎಲ್ಲ ಬೀಗರ ದೇಶಗಳಿಗೂ ಹೋಯಿತು. ಐಸಾತುವಿನ ಊರಿನಲ್ಲಿ ನಾಟಿಗೆ ತಯಾರಾಗಿದ್ದವರು ನಿಲ್ಲಿಸಿದರು. ಅಲ್ಲಿ ಇಲ್ಲಿ ಅಳಿದುಳಿದಿದ್ದ ಅವರ ಹಳೆಯ ಭತ್ತ ಬದುಕಿಕೊಂಡಿತು. ಕಾಡುನೆಂಟರಿಗೆ ಪುಡಿ ತಗುಲದ ಹಾಗೆ ತೇಲುಭತ್ತವನ್ನು ತಿದ್ದಲು ಲಿಯೆನ್‌ಗೆ ಇನ್ನೂ ಏಳೆಂಟು ವರ್ಷ ಬೇಕು. ನಮ್ಮ ಏರಿಗೆ ಅಷ್ಟು ಆಯುಷ್ಯವಿಲ್ಲ.

ಈ ಅಮಾವಾಸ್ಯೆಯ ಉಬ್ಬರದಲ್ಲಿ ಏರಿ ಒಡೆದರೆ ಮನೆಗಳೂ ಕೊಚ್ಚಿಹೋಗುತ್ತವೆ. ಅದಕ್ಕಿಂತ ನಾವೇ ಏರಿಯ ಮರದ ಬಾಗಿಲು ತೆಗೆದು ಕಡಲನ್ನು ಮೆಲ್ಲಗೆ ಒಳಗೆ ಬಿಡುವುದು ಒಳ್ಳೆಯದು ಎಂದು ನಿರ್ಧಾರವಾಗಿದೆ. ಬಾಗಿಲು ತೆಗೆಯುವುದು ಹಮ್ಮಣ್ಣ. ನಿನ್ನೆಯಿಂದ ಅದರ ಕೀಲಿಗೆ ಎಣ್ಣೆ ಹಾಕುತ್ತಿದ್ದಾನೆ, ತೆಗೆಯುವಾಗ ಕಿರುಗುಟ್ಟಬಾರದಂತೆ. ಊರವರು ಗುಡ್ಡ ಹತ್ತಿ ಆಗಿದೆ. ಉದುರುಭತ್ತವನ್ನು ಐಸಾತು ಒಂದು ಮಡಕೆಯಲ್ಲಿ ನೆಟ್ಟುಕೊಟ್ಟಿದ್ದಾಳೆ, ಗುಡ್ಡದ ಬಚ್ಚಲ ಹಿಂದೆ ಇಡಬೇಕು. ನನಗೆ ಅದನ್ನು ಕಂಡರೆ ಸಿಟ್ಟು ಬರಬೇಕಿತ್ತು. ಬರುವುದಿಲ್ಲ. ಅದರದ್ದೇನು ತಪ್ಪು, ಅದು ಇದ್ದಲ್ಲಿ ಇತ್ತು.

ಹೊರಟವರ ಬೆನ್ನಿಗೆ ಕಸ ಗುಡಿಸಬಾರದು ಎಂದು ನೀವೆಲ್ಲ ಹೇಳಿಕೊಟ್ಟಿದ್ದೀರಿ, ಹೋದವರು ಮರಳಿ ಬರುವುದಿಲ್ಲವಂತೆ. ನಾವು ಮನೆ ಗುಡಿಸದೆ ಹೊರಟಿದ್ದೇವೆ. ನಮ್ಮ ಹಿಂದೆ ಕಡಲು ಬಂದು ಗುಡಿಸುತ್ತದೆ. ಅದಕ್ಕೆ ಶಾಸ್ತ್ರ ಹೇಳಿಕೊಡುವವರು ಯಾರೂ ಇಲ್ಲ.

ಈ ಕಾಗದ ನಿನಗೆ ತಲುಪುವುದು ಹೇಗೆ ಎಂದು ಹಮ್ಮಣ್ಣ ಕೇಳಿದ. ನಮ್ಮ ಹೊಳೆ ದಿನಕ್ಕೆ ಎರಡು ಸಲ ಹಿಂದಕ್ಕೆ ಹರಿಯುತ್ತದೆ. ನೀರೇ ಹಿಂದಕ್ಕೆ ಹರಿಯುವಾಗ ಒಂದು ಕಾಗದ ಹರಿಯುವುದಕ್ಕೆ ಏನು ಧಾಡಿ ಎಂದೆ. ಅವನು ಬಾಗಿಲು ತೆಗೆದ ಕ್ಷಣ, ಉಬ್ಬರದ ಮೊದಲ ನೀರಿನಲ್ಲಿ ಇದನ್ನು ತೇಲಿಬಿಡುತ್ತೇನೆ. ಒಂದು ಬೆಳಿಗ್ಗೆ ನಿನ್ನ ಏರಿಯ ಬುಡದಲ್ಲಿ ಸಿಕ್ಕಿಕೊಂಡಿದ್ದರೆ ಎತ್ತಿಕೊ.

ಎತ್ತಿಕೊಂಡರೆ ಇಷ್ಟು ಮಾಡು. ಅಡುಗೆ ಚೆನ್ನಾಗಿ ಮಾಡು, ನೊಗ್ಲಿ ಸಾರಿಗೆ ಹುಳಿ ಸ್ವಲ್ಪ ಮುಂದಾಗಿರಲಿ. ಒಳ್ಳೆಯ ಸೀರೆ ಉಟ್ಟುಕೊ. ಆದರೆ ಪೊರಕೆಯನ್ನು ಬಾಗಿಲ ಹಿಂದೆ ಇಡು. ಏರಿಯ ಹುಲ್ಲು ಏರಿಯ ಮೇಲಿರಲಿ. ಬಂದವರ ಕೈ ಹಿಡಿದು ಬಚ್ಚಲ ಹಿಂದಕ್ಕೆ ಕರೆದುಕೊಂಡು ಹೋಗು, ನಾಚಿಕೆಪಡಬೇಡ, ಇದು ನಮ್ಮ ನೆಂಟರು ನೋಡಿ ಎಂದು ತೋರಿಸು. ಅವರು ತಲೆ ಕೆಡಿಸಿಕೊಂಡು ಬಗ್ಗಿ ನೋಡುತ್ತಾರೆ. ಅಷ್ಟೇ ಸಾಕು.

ನೀನು ಹಾಗೆ ಮಾಡಿದರೆ ನನ್ನ ಗತಿ ಏನು ಎಂದೂ ಯೋಚಿಸಿದ್ದೇನೆ. ಕಗ್ಗ ಉಳಿಯುತ್ತದೆ, ವರ್ಷ ವರ್ಷ ಏರುವ ಉಪ್ಪಿಗೆ ಒಗ್ಗಿಕೊಳ್ಳುತ್ತಾ ಹೋಗುತ್ತದೆ, ಅದರ ಬೇರು ಏರಿಯನ್ನು ಹಿಡಿದುಕೊಂಡೇ ಇರುತ್ತದೆ, ಹಮ್ಮಣ್ಣ ಬಾಗಿಲು ತೆಗೆಯಬೇಕಾಗುವುದಿಲ್ಲ. ಲಿಯೆನ್ ಮತ್ತು ಐಸಾತು ನನ್ನ ಮನೆಗೆ ಬರುವ ಸಂದರ್ಭವೇ ಒದಗುವುದಿಲ್ಲ. ಲೀನಮ್ಮನ ಮೀನಿನ ಗಂಜಿ ಕಾಯಿಸಲು ನನಗೆ ಬರುವುದಿಲ್ಲ. ಆಗಲಿ. ಅವರೂ ಅವರವರ ಊರಲ್ಲಿ ಹೊಟ್ಟೆ ತುಂಬ ಉಂಡು ಸುಖವಾಗಿರುತ್ತಾರೆ. ನಾನು ಈ ಕಾಗದ ಬರೆಯುವುದಿಲ್ಲ, ನಿನ್ನ ಹೆಸರು ಕೂಡ ನನಗೆ ಗೊತ್ತಿರುವುದಿಲ್ಲ. ಒಂದು ಬೆಳಿಗ್ಗೆ ಇದೇ ಜಗಲಿಯಲ್ಲಿ ಕೂತು ಕೆಂಪು ಗಂಜಿ ಉಣ್ಣುತ್ತಿರುತ್ತೇನೆ. ಗಂಜಿ ಎಂದರೆ ಕೆಂಪಗಿರುವುದು ತಾನೇ, ಅದರಲ್ಲೇನು ವಿಶೇಷ ಎಂದುಕೊಂಡು, ಉಪ್ಪು ಸಾಲದು ಎಂದು ಹಮ್ಮಣ್ಣನ ಜೊತೆ ಜಗಳ ಆಡುತ್ತಿರುತ್ತೇನೆ.

ನಿನ್ನ,
ಬೀರಮ್ಮ